ಖಾಡಿಯ ಭರತಿ, ಹೋಟೆಲಿನ ಭರ್ತಿ

ಡೊಂಬಿವಲಿ ಪೂರ್ವ
ಬುಧವಾರ

ಪ್ರೀತಿಯ ಜಯಶೀಲ ಮಾವನಿಗೆ,

ನಮ್ಮ ಸಂಘಟನೆಯ ಎಂಟು ಮಂದಿಯಲ್ಲಿ ಒಬ್ಬರನ್ನೂ ಕೇಳದೆ ನೀವು ಶನಿವಾರದ ದೋಣಿ ಬಿಡಾರದ ಜಾಗ ಬದಲಿಸಿದಿರಿ. ಇದು ತಪ್ಪು. ಸಿಟ್ಟು ಆರಿದ ಮೇಲೆ ಬರೆಯೋಣವೆಂದು ಎರಡು ದಿನ ಕಾದೆ, ಆರಲಿಲ್ಲ. ಫೋನಿನಲ್ಲಿ ಹೇಳಿದರೆ ನೀವು "ಹ್ಞಾಂ, ನೋಡುವ" ಎಂದು ಅರ್ಧದಲ್ಲೇ ಯಾವುದೋ ಟೇಬಲಿನ ಕಡೆ ತಿರುಗುತ್ತೀರಿ. ಅದಕ್ಕೇ ಕಾಗದ. ನಮ್ಮ ಗುಂಪಿನ ಹಿತೇಶ್ ಕಳವಾ ಸ್ಟೇಷನ್ನಿನಲ್ಲಿ ಇಳಿದು ಹೋಟೆಲಿಗೆ ಬಂದು ಇದನ್ನು ನಿಮ್ಮ ಕೈಗೇ ಕೊಡುತ್ತಾನೆ. ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ ಕುಳಿತು ಓದಿ.

ಸೋಮವಾರ ಸಂಜೆ ನಮ್ಮ ವಾಟ್ಸ್ಯಾಪ್ ಗುಂಪಿಗೆ ನೀವು ಕನ್ನಡದಲ್ಲಿ ಬರೆದು ಹಾಕಿದಿರಿ: "ಚಂದ್ರಬಾಯಿಯ ಜಾಗ ಶನಿವಾರ ಭರ್ತಿಯಂತೆ. ಟಿಟ್ವಾಳದ ಆಚೆ ಒಂದು ರಿಸಾರ್ಟ್ ಹೇಳಿಟ್ಟಿದ್ದೇನೆ. ಅಲ್ಲಿಯೂ ನೀರುಂಟು." ಕೊನೆಗೆ ಎರಡು ಜೊತೆ ಮುಗಿದ ಕೈ. ಅಲ್ಲಿರುವ ನೀರನ್ನು ನಾನು ಫೋಟೋದಲ್ಲಿ ನೋಡಿದೆ ಮಾವ. ನೀಲಿ ಟೈಲ್ಸಿನ ಕೊಳ, ಒಂದು ಬದಿಯಲ್ಲಿ ಬಾಯಿಂದ ನೀರು ಉಗುಳುವ ಪ್ಲಾಸ್ಟಿಕ್ ಆನೆ. ನಮ್ಮ ನಾಲ್ಕು ಕನೂಗಳನ್ನು ಅದರಲ್ಲಿ ಇಳಿಸಿದರೆ ಒಂದರ ಮೂತಿ ಇನ್ನೊಂದರ ಬಾಲಕ್ಕೆ ತಾಗುತ್ತದೆ. ನವಿ ಮುಂಬಯಿಯ ಆ ಸಂಸ್ಥೆಯವರಿಂದ ಈ ಕಿರಿದಾದ ದೋಣಿಗಳನ್ನು ಎರವಲು ಪಡೆಯಲು ಆರು ತಿಂಗಳು ಕಾಗದ ಬರೆದದ್ದು ಆನೆಯ ಬಾಯಿ ನೋಡುವುದಕ್ಕೆ ಅಲ್ಲ. ಮನೆಯಲ್ಲಿ ಅಮ್ಮನಿಗೆ ಮಾತ್ರ ಬಹಳ ಖುಷಿ. "ಜಯಶೀಲ ಒಳ್ಳೆ ಕೆಲಸ ಮಾಡಿದ, ಅಲ್ಲಿ ಟಾಯ್ಲೆಟ್ ಕೂಡ ಟೈಲ್ಸಿನದ್ದಂತೆ" ಎಂದು ಇಡೀ ಬಿಲ್ಡಿಂಗಿಗೆ ಹೇಳಿ ಬಂದಿದ್ದಾರೆ.

ನನ್ನನ್ನು ನೀವು ಯಾವಾಗಲೂ ಹಂಗಿಸುತ್ತೀರಿ: "ನಿನ್ನದು ಎಲ್ಲ ಝೆರಾಕ್ಸ್ ವಿದ್ಯೆ ಮಾರಾಯ್ತಿ, ಒರಿಜಿನಲ್ ಯಾವುದುಂಟು?" ಇರಬಹುದು. ಕಾಲೇಜು ಬಿಟ್ಟು ಝೆರಾಕ್ಸ್ ಅಂಗಡಿ ಸೇರಿದ ಮೇಲೆ ನಾನು ಓದಿದ್ದೆಲ್ಲ ಜನ ಪ್ರತಿ ಮಾಡಿಸಲು ತಂದ ಕರಪತ್ರಗಳೇ. ಅವುಗಳಲ್ಲಿ ಒಂದರಲ್ಲಿತ್ತು, ಕಾಡು ನೋಡಲು ಎಲ್ಲಿಗೂ ಹೋಗಬೇಕಾಗಿಲ್ಲ, ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವವನು ತಲೆ ಹೊರಳಿಸಿದರೆ ಸಾಕು ಎಂದು. ಮರುದಿನ ನಾನು ತಲೆ ಹೊರಳಿಸಿದೆ. ದಿವಾ ದಾಟಿದೊಡನೆ ಖಾಡಿ, ಸಮುದ್ರದ ನೀರು ಒಳನಾಡಿಗೆ ನುಗ್ಗುವ ಕಾಲುವೆ; ಅದರಂಚಿನಲ್ಲಿ ಕಾಂಡ್ಲಾ ಕಾಡು, ಉಪ್ಪುನೀರಿನ ಕೆಸರಿನಲ್ಲಿ ಬೇರೂರಿ ನಿಂತದ್ದು. ಇಪ್ಪತ್ತೆರಡು ವರ್ಷ ಅದರ ಪಕ್ಕದಲ್ಲೇ ಹೋಗಿ ಬಂದು ಮಾಡಿ ಅದನ್ನು ನೋಡದೆ ಇದ್ದೆನಲ್ಲ ಎಂದು ಅಂದು ನಾಚಿಕೆಯಾಯಿತು.

ನಮ್ಮ ಬಿಲ್ಡಿಂಗಿನ ಹಿಂದಿನ ನಾಲೆ ನಿಮಗೆ ಗೊತ್ತೇ ಇದೆ, ಕಾರ್ಖಾನೆಗಳ ನೀರಿನಿಂದ ಒಂದು ದಿನ ಹಸಿರು, ಇನ್ನೊಂದು ದಿನ ಕೆಂಪು. ವಾಸನೆ ಬಂದರೆ ಕಿಟಕಿ ಮುಚ್ಚುತ್ತೇವೆ, ಅದು ಹೋಗಿ ಎಲ್ಲಿ ಬೀಳುತ್ತದೆಂದು ಕೇಳುವುದಿಲ್ಲ. ಎರಡು ದಿನ ದೋಣಿಯಲ್ಲಿ ತಿರುಗಿ, ಯಾವ ನಾಲೆ ಖಾಡಿಯ ಯಾವ ಕವಲಿಗೆ ಸೇರುತ್ತದೆ, ಅಲ್ಲಿ ಏಡಿ ಉಂಟೋ ಇಲ್ಲವೋ, ಇಷ್ಟನ್ನು ಕೈಯಾರೆ ನಕ್ಷೆ ಬರೆದು ನಮ್ಮ ಗಲ್ಲಿಯ ಪ್ರತಿ ಸೊಸೈಟಿಯ ನೋಟಿಸ್ ಬೋರ್ಡಿಗೆ ಹಚ್ಚಬೇಕು. ನಮ್ಮ ಕ್ರಾಂತಿ ಸದ್ಯಕ್ಕೆ ಇಷ್ಟೇ. ಇಷ್ಟಕ್ಕೂ ನೀವು ಪ್ಲಾಸ್ಟಿಕ್ ಆನೆಯನ್ನು ಅಡ್ಡ ತಂದಿರಿ.

ಈ ಜಾಗಕ್ಕಾಗಿ ನಾವು ಮೂರು ಭಾನುವಾರ ಅಲೆದದ್ದನ್ನು ಮರೆತಿರಾ? ಮೊದಲು ಹಿತೇಶ್ ತೋರಿಸಿದ್ದು ರೈಲು ಸೇತುವೆಯ ಅಡಿ. ಐದು ನಿಮಿಷಕ್ಕೊಂದು ಗಾಡಿ, ಗಾಡಿ ಬಂದಾಗಲೆಲ್ಲ ಮಾತು ಬಂದ್. ಎರಡನೆಯದು ಕಲ್ಯಾಣದ ಕಡೆಯ ಒಂದು ದೋಣಿ ಘಾಟು. ಅಲ್ಲಿಯ ಪಕ್ಷದ ಹುಡುಗರು, ಜಾಗ ಧಾರಾಳವಾಗಿ ಕೊಡುತ್ತೇವೆ, ತಮ್ಮ ನಾಯಕರ ಹುಟ್ಟುಹಬ್ಬದ ಬ್ಯಾನರನ್ನು ನಾಲ್ಕೂ ದೋಣಿಗೆ ಕಟ್ಟಿ ಎಂದರು. ನಾನು ಅಲ್ಲೇ ಜಗಳಕ್ಕೆ ನಿಂತೆ, ನೀವು ನನ್ನ ರಟ್ಟೆ ಹಿಡಿದು ಎಳೆದು ತಂದಿರಿ. ಮೂರನೆಯದು ಚಂದ್ರಬಾಯಿಯ ದಿಬ್ಬ. ಹಿಂದೆ ಅವಳ ಮನೆಯವರು ಉಪ್ಪು ಬೆಳೆಯುತ್ತಿದ್ದ ಗದ್ದೆಯ ಅಗಲವಾದ ಕಟ್ಟೆ, ಈಗ ಅವಳು ಅಲ್ಲಿ ಬಲೆ ಒಣಗಿಸುತ್ತಾಳೆ. ಗಟ್ಟಿ ನೆಲ, ಸಿಹಿನೀರಿನ ಒಂದು ಬಾವಿ, ಯಾರಿಗಾದರೂ ಏನಾದರೂ ಆದರೆ ರಸ್ತೆಗೆ ಓಡಲು ಕಾಲುದಾರಿ. ಎದುರಿನಿಂದಲೇ ನಾಲ್ಕು ಕವಲು ಕಾಂಡ್ಲಾದೊಳಕ್ಕೆ ಹೋಗುತ್ತವೆ. ಬೆಳಗ್ಗೆ ಒಂದೊಂದು ದೋಣಿ ಒಂದೊಂದು ಕವಲಿಗೆ ಹೋಗಿ ಸಂಜೆಗೆ ಮರಳಲು ಇದಕ್ಕಿಂತ ಒಳ್ಳೆಯ ಬಿಡಾರ ಇಡೀ ಠಾಣೆ ಜಿಲ್ಲೆಯಲ್ಲಿ ಇಲ್ಲ.

ಹೀಗೆ ಮೊದಲು ಹೇಳಿದವರೇ ನೀವು. ಆ ದಿನ ಹೋಟೆಲಿನ ಪಾಲಿಶ್ ಮಾಡಿದ ಶೂ ಹಾಕಿಕೊಂಡು ಬಂದು ಒಂದು ಶೂವನ್ನು ಕೆಸರಿಗೆ ಕೊಟ್ಟಿರಿ. ಇನ್ನು ಮರಳಿ ಹೊರಡುತ್ತೀರಿ ಎಂದುಕೊಂಡೆ. ನೀವು ಇನ್ನೊಂದನ್ನೂ ಕಳಚಿ ಕೈಯಲ್ಲಿ ಹಿಡಿದು, ಒಂದು ಕಾಂಡ್ಲಾ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಕಾಂಡದ ಮೇಲಿನ ಕಪ್ಪು ಗೆರೆಯನ್ನು ಬೆರಳಿನಿಂದ ಮುಟ್ಟಿದಿರಿ. "ನೀರು ಇಲ್ಲಿವರೆಗೆ ಬರ್ತದೆ. ಇದಕ್ಕಿಂತ ಮೇಲೆ ಮಲಗಿದವನಿಗೆ ಹೆದರಿಕೆ ಇಲ್ಲ" ಎಂದಿರಿ. ಆಮೇಲೆ ಊರಿನ ಹೊಳೆಯಲ್ಲಿ ನಿಮ್ಮನ್ನು ಶಾಲೆಗೆ ದಾಟಿಸುತ್ತಿದ್ದ ಬೂಬಣ್ಣನ ಕತೆ ಹೇಳಿದಿರಿ. ಅವನ ಬಳಿ ಗಡಿಯಾರ ಇರಲಿಲ್ಲ, ಕಾಂಡ್ಲಾದ ಬೇರು ನೋಡಿ ಹೊತ್ತು ಹೇಳುತ್ತಿದ್ದ, ತಡವಾಗಿ ಬಂದವರಿಗೆ "ಭರತಕ್ಕೆ ಬಾ, ಇಳಿತಕ್ಕೆ ಬಂದರೆ ಕೆಸರು ತಿನ್ನು" ಎಂದು ಗದರುತ್ತಿದ್ದ ಎಂದಿರಿ. ಹೇಳುವಾಗ ನಿಮ್ಮ ಮುಖ ಗಲ್ಲಾದ ಹಿಂದೆ ಕಾಣುವ ಮುಖ ಆಗಿರಲಿಲ್ಲ. ಚಂದ್ರಬಾಯಿಯೂ ನಿಮ್ಮನ್ನೇ ನೋಡುತ್ತಿದ್ದಳು.

ಅಂಥ ನೀವು ಸೋಮವಾರ ಮಧ್ಯಾಹ್ನ ಏನು ಮಾಡಿದಿರಿ ಎಂದು ನಾನು ನಿನ್ನೆ ಚಂದ್ರಬಾಯಿಯಿಂದ ತಿಳಿದುಕೊಂಡೆ. ಊಟದ ಹೊತ್ತಿಗೆ ಅವಳು ಹೋಟೆಲಿಗೆ ಫೋನ್ ಮಾಡಿ, ಶನಿವಾರ ಭರತಿ ಸಾಡೇಬಾರಾ ಎಂದಳು. ನಿಮಗೆ ಕೇಳಿಸಿದ್ದು ಭರ್ತಿ. ಎದುರಿಗೆ ಟೇಬಲೆಲ್ಲ ಭರ್ತಿ, ಬಾಗಿಲಲ್ಲಿ ಕಾಯುವವರ ಸಾಲು, ನಿಮ್ಮ ಲೋಕದಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವೇ ಇಲ್ಲ. "ಭರ್ತಿ ಹೈ? ಠೀಕ್ ಹೈ, ದೂಸ್ರಾ ದೇಖ್ತಾ ಹೂಂ", ಬೇರೆ ಜಾಗ ನೋಡುತ್ತೇನೆ, ಎಂದು ಫೋನ್ ಇಟ್ಟಿರಂತೆ. ಎರಡನೇ ಮಾತಿಲ್ಲ.

ಆ ಒಂದು ಶಬ್ದ ಕನ್ನಡಕ್ಕೆ ಬಂದು ನಮ್ಮೆಲ್ಲರ ತಲೆ ಕೆಡಿಸಿತು. ಹಿತೇಶನನ್ನು ಕೇಳಿದರೆ, ಪೊಲೀಸ್ ಭರತಿ, ಅಂದರೆ ನೇಮಕಾತಿ, ಇರಬೇಕು, ಓಡಿಸಲು ಮೈದಾನ ಬೇಕಲ್ಲ ಅವರಿಗೆ, ಎಂದ. ವರ್ಷದಿಂದ ಆ ಪರೀಕ್ಷೆಗೇ ಬೆಳಗ್ಗೆ ಓಡುತ್ತಿರುವವನು, ಶನಿವಾರ ತಾನೂ ಅಲ್ಲಿ ಸಾಲಿಗೆ ನಿಲ್ಲುವುದೆಂದು ಶೂ ತೊಳೆದು ಒಣಗಲು ಇಟ್ಟ. ನಾನೋ, ಯಾರೋ ಕಾರಿನವರು ಪಿಕ್‌ನಿಕ್ಕಿಗೆ ಜಾಗ ಹಿಡಿದಿದ್ದಾರೆ, ಖಾಡಿಯೂ ಉಳ್ಳವರ ಪಾಲಾಯಿತು ಎಂದು ನಿಶ್ಚಯಿಸಿದೆ. ನಿನ್ನೆ ಚಂದ್ರಬಾಯಿಯನ್ನೇ ಕೇಳುವುದೆಂದು ಹೊರಟು, ದಿವಾದಿಂದ ದಿಬ್ಬದವರೆಗೆ ಮನಸ್ಸಿನಲ್ಲೇ ಒಂದು ಕರಪತ್ರ ಬರೆಯುತ್ತ ನಡೆದೆ.

ದಿಬ್ಬದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ ಮಾವ. ಬಲೆಗಳನ್ನೆಲ್ಲ ಸುತ್ತಿ ಒಂದು ಮೂಲೆಗೆ ಇಟ್ಟಿದ್ದಳು. ನೆಲ ಗುಡಿಸಿತ್ತು. ಹುಡುಗಿಯರಿಗೆಂದು ಬಾವಿಯ ಆಚೆ ಗೋಣಿತಟ್ಟಿನ ಮರೆ ಕಟ್ಟಿ, ಅದರೊಳಗೆ ಹೊಸ ಬಕೆಟ್ ಇಟ್ಟಿದ್ದಳು. ನಾನು ಬರೆದುಕೊಂಡು ಹೋದ ಭಾಷಣದ ಮೊದಲ ಎರಡು ಸಾಲು ಆಗಲೇ ಬಾಯಿಂದ ಹೊರಬಿದ್ದಿದ್ದವು. ಅವಳು ಕೇಳಿಸಿಕೊಂಡಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿ ನಕ್ಕಳು. "ಅಗಂ ಪೋರಿ, ಭರತಿ ಮ್ಹಣಜೆ ಪಾಣಿ. ಮಾಣಸಂ ನಾಯ್." ಭರತಿ ಎಂದರೆ ನೀರು ಕಣೇ, ಜನ ಅಲ್ಲ.

ನಿಮ್ಮ ಬೂಬಣ್ಣನ ಭರತ, ಸಮುದ್ರದ ಉಬ್ಬರ. ಅದರ ತಕಾರಕ್ಕೆ ಇಲ್ಲಿಯವರು ಒಂದು ಗುಡಿಸು ಕೊಟ್ಟಿದ್ದಾರೆ, ಅಷ್ಟೇ. ಆ ಗುಡಿಸಿನೊಳಗೆ ನೀವು ಹೊಳೆಯನ್ನು ಗುರುತಿಸದೆ ಹೋದಿರಿ.

ಇಷ್ಟರಲ್ಲೇ ಕಾಗದ ಮುಗಿಸಿದ್ದರೆ ನನಗೆ ಸುಖವಾಗಿತ್ತು. ಆದರೆ ಚಂದ್ರಬಾಯಿ ನನ್ನನ್ನೂ ಬಿಡಲಿಲ್ಲ. ಎಷ್ಟು ಗಂಟೆಗೆ ಬರುವುದೆಂದು ಮಾಡಿದ್ದೀರಿ ಎಂದು ಕೇಳಿದಳು. ನಾನು ಚೀಲದಿಂದ ನಮ್ಮ ಕರಪತ್ರ ತೆಗೆದು ತೋರಿಸಿದೆ. ಖಾಡಿ ನಮ್ಮೆಲ್ಲರದು, ಶನಿವಾರ ಬೆಳಗ್ಗೆ ಆರಕ್ಕೆ ದೋಣಿ ಇಳಿಸುತ್ತೇವೆ ಎಂದು ಮುನ್ನೂರು ಪ್ರತಿ ಹೊಡೆದದ್ದು. ಅವಳಿಗೆ ಓದಲು ಬಾರದು, ಆರು ಎಂದು ಬಾಯಲ್ಲಿ ಹೇಳಿದೆ. ಅವಳು ನನ್ನನ್ನು ಕಟ್ಟೆಯ ತುದಿಗೆ ಕರೆದುಕೊಂಡು ಹೋದಳು. ಅದು ಇಳಿತದ ಹೊತ್ತು. ಖಾಡಿ ಇರಬೇಕಾದ ಕಡೆ ಕಣ್ಣು ಹೋಗುವವರೆಗೆ ಕೆಸರು, ನಡುವೆ ಹಗ್ಗದಷ್ಟು ಅಗಲದ ನೀರು. ಶನಿವಾರ ಆರಕ್ಕೂ ಹೀಗೇ ಇರುತ್ತದೆ ಎಂದಳು. ಸೊಂಟದವರೆಗೆ ಹೂತುಕೊಳ್ಳುವ ಕೆಸರು. ಎಂಟು ಮಂದಿಯನ್ನು ನಾನು ಅದರೊಳಕ್ಕೆ ಇಳಿಸುವವಳಿದ್ದೆ.

ಖಾಡಿ ನಮ್ಮದು ಎಂದು ಬರೆದವಳಿಗೆ ಖಾಡಿ ಮನೆಯಲ್ಲಿರುವ ಹೊತ್ತು ಗೊತ್ತಿರಲಿಲ್ಲ. ಆರು ಗಂಟೆ ಎಂದು ಹಾಕಿದ್ದೂ ನಿಮ್ಮ ಅನುಕೂಲಕ್ಕೆ. ನಮ್ಮನ್ನು ಬಿಡಾರದಲ್ಲಿ ಬಿಟ್ಟು ಹನ್ನೊಂದಕ್ಕೆ ನೀವು ಗಲ್ಲಾಕ್ಕೆ ಮರಳಬೇಕಿತ್ತಲ್ಲ. ನೀರಿನ ಹೊತ್ತನ್ನು ಮಾತ್ರ ಯಾರೂ ಕೇಳಲಿಲ್ಲ ಎಂದು ಬರೆಯಹೊರಟೆ, ಅದು ಸುಳ್ಳಾಗುತ್ತದೆ. ಆ ಭಾನುವಾರ ಕೆಸರಿನ ಕಾಲು ತೊಳೆಯುತ್ತ ನೀವು ನನ್ನನ್ನು ಕೇಳಿದ್ದಿರಿ, "ಏರುವ ಹೊತ್ತು ವಿಚಾರಿಸಿದ್ದೀಯಾ?" ಎಂದು. "ಅದೆಲ್ಲ ಮೀಟಿಂಗಿನಲ್ಲಿ ನೋಡುವ ಮಾವ" ಎಂದು ನಾನು ಬಾಯಿ ಮುಚ್ಚಿಸಿದೆ. ಝೆರಾಕ್ಸ್ ವಿದ್ಯೆ ಎಂದು ನೀವು ಸಾವಿರ ಸಲ ಹಂಗಿಸಿ, ಇನ್ನು ಮಾತಾಡುವುದಿಲ್ಲ.

ಆದರೂ ನಿಮ್ಮ ತಪ್ಪು ತಪ್ಪೇ. ಕಿವಿಗೆ ಬೇರೆ ಕೇಳಿಸಿದ್ದನ್ನು ನಾನು ಕ್ಷಮಿಸುತ್ತೇನೆ, ಊಟದ ಗದ್ದಲದಲ್ಲಿ ಯಾರಿಗೂ ಆಗುತ್ತದೆ. ಮರಳಿ ಫೋನ್ ಮಾಡಿ ಒಂದು ಮಾತು ಕೇಳಲಿಲ್ಲವಲ್ಲ, ಅದನ್ನು ಕ್ಷಮಿಸಲಾರೆ. ನನಗೆ ಗೊತ್ತು ಯಾಕೆಂದು. ಭರ್ತಿ ಎಂದ ಕೂಡಲೆ ನಿಮಗೆ ಹಗುರವಾಯಿತು. ಹುಡುಗಿಯನ್ನು ನೀರಿಗೆ ಕಳಿಸುವುದು ತಪ್ಪಿತು, ಅಕ್ಕನಿಗೆ ಉತ್ತರ ಹೇಳುವುದು ತಪ್ಪಿತು, ಮೂವತ್ತೊಂದು ವರ್ಷ ದೋಣಿ ಹತ್ತದ ನೀವು ಹತ್ತುವುದೂ ತಪ್ಪಿತು. ಈ ಊರಲ್ಲಿ ನಮ್ಮವರೆಲ್ಲ ಹೀಗೇ. ಸೀಟು ಇಲ್ಲ ಎಂದರೆ ನಿಲ್ಲುತ್ತೇವೆ, ನಿಲ್ಲಲು ಜಾಗ ಇಲ್ಲ ಎಂದರೆ ನೇತಾಡುತ್ತೇವೆ, ವಾಸನೆ ಬಂದರೆ ಕಿಟಕಿ ಮುಚ್ಚುತ್ತೇವೆ. ನಿಜವೇ ಎಂದು ತಿರುಗಿ ಕೇಳುವ ಅಭ್ಯಾಸವೇ ಇಲ್ಲ. ಬೇರೆಯವರು ಹಾಗಿರಲಿ, ಕಪ್ಪು ಗೆರೆಯನ್ನು ಬೆರಳಿನಿಂದ ಮುಟ್ಟಿದವರು ಹಾಗಿರಬಾರದು.

ರಿಸಾರ್ಟಿಗೆ ಬೇಡವೆಂದು ನಾನೇ ಹೇಳಿ ಆಯಿತು, ನಿಮ್ಮನ್ನು ಕೇಳದೆ. ಲೆಕ್ಕ ಸಮ. ಎಂಟು ಲೈಫ್ ಜಾಕೆಟ್ ಮನೆಯಲ್ಲಿವೆ, ಅಮ್ಮ ಒಂದನ್ನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿ ಸ್ವಲ್ಪ ಸಮಾಧಾನಗೊಂಡಿದ್ದಾರೆ. ಟೆಂಪೊ ದೋಣಿಗಳನ್ನು ಚಂದ್ರಬಾಯಿಯ ಊರಿನ ಜೆಟ್ಟಿಗೆ ತರುತ್ತದೆ, ಅಲ್ಲಿಂದ ದಿಬ್ಬಕ್ಕೆ ಅರ್ಧ ಗಂಟೆ ಹುಟ್ಟು ಹಾಕಿದರೆ ಸಾಕು. ಉಳಿದದ್ದು ಒಂದೇ. ಹೊರಡುವಾಗ ಅವಳು ಹಿಂದಿನಿಂದ ಕೂಗಿ ಹೇಳಿದಳು: "ತೋ ಪಾಣಿ ಓಳಖ್ಣಾರಾ ಮಾಮಾ ಆಲಾ ತರಚ್." ನೀರಿನ ಗುರುತಿರುವ ಆ ಮಾಮ ಬಂದರೆ ಮಾತ್ರ ದೋಣಿ ಇಳಿಸಲು ಬಿಡುತ್ತಾಳಂತೆ. ನಮ್ಮ ಸಂಘಟನೆ, ನಮ್ಮ ಕರಪತ್ರ, ನನ್ನ ಭಾಷಣ, ಯಾವುದನ್ನೂ ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ನೀವು ಬಾರದಿದ್ದರೆ ನಾಲ್ಕು ದೋಣಿಗಳೂ ಟೆಂಪೊದಲ್ಲೇ ಮರಳುತ್ತವೆ. ಇನ್ನೊಮ್ಮೆ ಅವನ್ನು ನಮಗೆ ಯಾರೂ ಕೊಡುವುದಿಲ್ಲ.

ಸಾಡೇಬಾರಾ, ಹನ್ನೆರಡೂವರೆ. ಅಮಾವಾಸ್ಯೆಯ ಮರುದಿನದ ದೊಡ್ಡ ಭರತಿ. ಅದೇ ಹೊತ್ತಿಗೆ ನಿಮ್ಮ ಹೋಟೆಲೂ ಭರ್ತಿ, ನನಗೆ ಗೊತ್ತು. ಶನಿವಾರ ಮಧ್ಯಾಹ್ನ ನೀವು ಗಲ್ಲಾ ಬಿಟ್ಟು ಎದ್ದದ್ದನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಹೋಟೆಲು ಭಾನುವಾರವೂ ಭರ್ತಿಯಾಗುತ್ತದೆ, ಸೋಮವಾರವೂ ಆಗುತ್ತದೆ. ಈ ನೀರು ನಮಗಾಗಿ ಒಮ್ಮೆ ಬರುತ್ತದೆ.

ನಿಮ್ಮ ಮಂಡಿ ನೋವು ಅಷ್ಟರೊಳಗೆ ಇಳಿಯಲಿ, ಬೂಬಣ್ಣನ ಕೈ ನಿಮ್ಮ ಕೈಯಲ್ಲಿ ಉಳಿದಿರಲಿ. ಸಿಟ್ಟು ಇನ್ನೂ ಇದೆ, ಅದನ್ನು ಎದುರಿಗೆ ಕುಳಿತು ಮುಗಿಸುವ.

ನಿಮ್ಮ ಸೋದರ ಸೊಸೆ,
ಮಾನಸಿ

ಶನಿವಾರ ಬೆಳಗ್ಗೆ ಹತ್ತೂವರೆ, ದಿವಾ ಸ್ಟೇಷನ್ ಪಶ್ಚಿಮ, ಟಿಕೆಟ್ ಖಿಡಕಿಯ ಎದುರು. ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿ.