ಕೆನ್ನೆಗೆ ಬಂದ ಹಚ್ಚೆ

ರೇವತಿ,

ನೀನು ಓದುವುದಿಲ್ಲವೆಂದೇ ಬರೆಯುತ್ತಿದ್ದೇನೆ. ಕೆನ್ನೆಯ ಗಡ್ಡೆ ತೆಗೆದು, ಆ ಜಾಗಕ್ಕೆ ನನ್ನ ಎಡ ಮುಂಗೈಯ ಚರ್ಮ ಹೊಲಿದಿದ್ದಾರೆ. ನಿನ್ನೊಬ್ಬಳ ಜೊತೆ ನಾನು ಮಾತು ಬಿಟ್ಟಿದ್ದೆ. ಈಗ ಡಾಕ್ಟರು ಎಲ್ಲರ ಜೊತೆಯೂ ಬಿಡಿಸಿದ್ದಾರೆ.

ರಕ್ತ ಓಡುತ್ತಿದೆಯೇ ಎಂದು ನರ್ಸುಗಳು ಆಗಾಗ ಒತ್ತಿ ನೋಡುತ್ತಾರೆ. ಇವತ್ತು ಹೊಸಬಳೊಬ್ಬಳು, "ಸಾರ್, ಚರ್ಮ ನೀಲಿ ಆಗ್ಬಿಟ್ಟಿದೆ!" ಎಂದು ಕೂಗಿಕೊಂಡಳು. ಡಾಕ್ಟರು ಓಡಿಬಂದು ಒತ್ತಿದರು. ಬಿಳಿಚಿಕೊಂಡು ಮತ್ತೆ ಕೆಂಪೇರಿತು. "ಅದು ಅಜ್ಜಿಯ ಹಚ್ಚೆ ಕಣಮ್ಮ" ಎಂದು ನಕ್ಕರು.

ಹಲಸೂರಿನ ನಮ್ಮ ಜಗಲಿಯಲ್ಲಿ ಕೊರವಂಜಿ ಇಬ್ಬರಿಗೂ ಚುಚ್ಚಿದ ಬಳ್ಳಿ. ನೀನು ಅತ್ತೆ, ನಾನು ಅಳಲಿಲ್ಲ. ಅಮ್ಮ ನನಗೆ ಕೊಟ್ಟ ಬೆಲ್ಲವನ್ನೂ ನೀನೇ ತಿಂದೆ.

"ತಂಗಿಗೂ ಇದೆ, ಬಾಣಸವಾಡಿಯಲ್ಲಿದ್ದಾಳೆ" ಎಂದು ಸ್ಲೇಟಿನಲ್ಲಿ ಬರೆದು ಆ ಹುಡುಗಿಗೆ ತೋರಿಸಿದೆ.

"ಹತ್ರಾನೇ ಅಲ್ವಾ ಅಜ್ಜಿ! ಫೋನ್ ಮಾಡಿ ಕರೀಲಾ?"

ಅದನ್ನು ಒರೆಸಿ, "ಪರದೆ ಎಳೆ" ಎಂದು ಬರೆದೆ.