ಹೆಸರಿಲ್ಲದ ಅಳತೆ

೧೪ ಸೆಪ್ಟೆಂಬರ್, ಶನಿವಾರ

ಬೆಳಿಗ್ಗೆಯಿಂದ ಒಂದೇ ಯೋಚನೆ ತಲೆ ತಿನ್ನುತ್ತಿತ್ತು. ಇವರ ಹೊಲಿಗೆ ಅಂಗಡಿಯ ಅಳತೆ ಪುಸ್ತಕದಲ್ಲಿ ಒಂದು ಪುಟಕ್ಕೆ ಹೆಸರೇ ಇಲ್ಲ. ಎದೆ, ತೋಳು ಏನೂ ಇಲ್ಲ, ಬರೀ ಸೊಂಟ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತೊಂದು... ನಿನ್ನೆ ಇಪ್ಪತ್ತಾರು. ದಿನಾ ಬಂದು ಸೊಂಟದ ಅಳತೆ ಕೊಡುವ ಆ ಮಹಾರಾಯಿತಿ ಯಾರು?

ಸಂಜೆ ಪುಸ್ತಕ ಎದುರಿಗಿಟ್ಟು ಕೇಳಿಯೇಬಿಟ್ಟೆ. ಇವರ ಕಿವಿ ಕೆಂಪಾಯಿತು. ಹಿತ್ತಿಲಿಗೆ ಕರೆದುಕೊಂಡು ಹೋಗಿ, ನನ್ನ ಬೀನ್ಸ್ ಪಾತಿಯ ಪಕ್ಕ ಎಲೆ ಸರಿಸಿ ತೋರಿಸಿದರು. ಕುಂಬಳಕಾಯಿ! ಕಸದ ಗುಂಡಿಯಿಂದ ತಾನಾಗಿ ಎದ್ದ ಬಳ್ಳಿಯದು. "ಬೀನ್ಸನ್ನೆಲ್ಲಾ ನುಂಗಿಬಿಡುತ್ತೆ, ಕಿತ್ತು ಬಿಸಾಕು" ಎಂದು ಎರಡು ತಿಂಗಳ ಹಿಂದೆ ಹಾರಾಡಿದವರು ಇವರೇ. ಈಗ ಕಾಯಿಯ ಅಡಿಗೆ ಚೂರುಬಟ್ಟೆಯ ಮೆತ್ತೆ ಬೇರೆ.

"ಇನ್ನೊಂದು ನಾಲ್ಕು ದಿನ ಕೊಯ್ಬೇಡ ಕಣೇ, ಮೂವತ್ತು ಮುಟ್ಟುತ್ತೇನೋ ನೋಡೋಣ."

ನಗು ತಡೆದುಕೊಂಡು ಮುಖ ಊದಿಸಿದೆ. "ಹತ್ತೊಂಬತ್ತು ವರ್ಷದಿಂದ ನನ್ನ ಬಟ್ಟೆ ಹೊಲೀತಿದ್ದೀರಿ. ಆ ಪುಸ್ತಕದಲ್ಲಿ ನನಗೆ ಅಂತ ಒಂದು ಪುಟಾನೂ ಇಲ್ಲ."

"ಗೊತ್ತಿಲ್ಲದವ್ರದ್ದು ತಾನೇ ಬರ್ಕೊಳ್ಳೋದು?" ಅಂದರು, ಬಳ್ಳಿಗೆ ನೀರು ಹಾಕುತ್ತಾ.

ಬೀನ್ಸ್ ಹೋದರೆ ಹೋಗಲಿ.