ಕುರ್ಚಿಯ ಹಿಂದಿನ ನೋಟೀಸು

ಗರುಡಾಚಾರ್‌ಪಾಳ್ಯ,
ಸೋಮವಾರ

ಎಚ್.ಆರ್. ಆಫೀಸಿನ ರೇವತಿ ಮೇಡಂ ಅವರಿಗೆ ನಮಸ್ಕಾರ.

ಎರಡು ವರ್ಷದಲ್ಲಿ ನಮ್ಮ ಗಾರ್ಮೆಂಟ್ಸ್‌ನ ಹೆಂಗಸರಿಂದ ಕಿರುಕುಳದ ಒಂದು ದೂರೂ ಬಂದಿಲ್ಲವೆಂದು ಶುಕ್ರವಾರದ ಮೀಟಿಂಗಿನಲ್ಲಿ ನೀವು ಚಪ್ಪಾಳೆ ಹೊಡೆಸಿದಿರಿ. ದೂರು ಕಮಿಟಿಯಲ್ಲಿ ಕಾರ್ಮಿಕರ ಕಡೆಯಿಂದ ಇರುವವಳು ನಾನೇ ಆದ್ದರಿಂದ ನನ್ನನ್ನು ಎಬ್ಬಿಸಿ ನಿಲ್ಲಿಸಿ ಹೂವೂ ಕೊಟ್ಟಿರಿ. ಅದನ್ನು ಮಷೀನಿನ ಮೇಲೇ ಬಿಟ್ಟು ಮನೆಗೆ ಬಂದೆ.

ಮೇಡಂ, ಕಮಿಟಿಯ ನೋಟೀಸು ಎಲ್ಲಿದೆ ಎಂದು ನೀವು ನೋಡಿದ್ದೀರಾ? ಸೂಪರ್‌ವೈಸರ್ ಪರಮೇಶ್ ಅವರ ಕುರ್ಚಿಯ ಹಿಂದಿನ ಗೋಡೆಯಲ್ಲಿದೆ. ಫೋನ್ ನಂಬರು ಓದಬೇಕೆಂದರೆ ಅವರ ಭುಜದ ಮೇಲೆ ಬಗ್ಗಬೇಕು. ಚೆಕಿಂಗ್ ಕೆಲಸದ ಸೌಂದರ್ಯಾ ಒಂದು ದಿನ ಹಾಗೆ ನಿಂತು ಓದುತ್ತಿದ್ದಳು. "ಏನಮ್ಮಾ, ನನ್ ಮೇಲೇ ಕಂಪ್ಲೇಂಟ್ ಕೊಡ್ತೀಯಾ?" ಎಂದು ಅವರು ನಕ್ಕರು. ಲೈನಿನವರೆಲ್ಲ ನಕ್ಕರು. ನಾನೂ ನಕ್ಕೆ. ಮರುದಿನದಿಂದ ಅವಳು ಕೆಲಸಕ್ಕೆ ಬರಲಿಲ್ಲ.

ದಯವಿಟ್ಟು ಆ ನೋಟೀಸನ್ನು ಹೆಂಗಸರ ಟಾಯ್ಲೆಟ್ ಬಾಗಿಲಿನ ಒಳಬದಿಗೆ ಅಂಟಿಸಿ. ಅಲ್ಲಿ ಚಿಲಕ ಇದೆ, ನಂಬರನ್ನು ಸಮಾಧಾನವಾಗಿ ಬರೆದುಕೊಳ್ಳಬಹುದು. ಅಕ್ಷರ ದಪ್ಪಗಿರಲಿ. ಹಿಂದಿ, ತಮಿಳಿನಲ್ಲೂ ಇರಲಿ.

ಹೊಸದಾಗಿ ಪ್ರಿಂಟ್ ಹಾಕಿಸುವಾಗ ಸದಸ್ಯರ ಪಟ್ಟಿಯಿಂದ ನನ್ನ ಹೆಸರು ತೆಗೆಸಿ. ಹೆದರಿ ಕಮಿಟಿ ಬಿಡುತ್ತಿಲ್ಲ. ದೂರು ಕೊಟ್ಟವಳೇ ವಿಚಾರಣೆಗೆ ಕೂರುವ ಹಾಗಿಲ್ಲವೆಂದು ಟ್ರೇನಿಂಗಿನಲ್ಲಿ ನೀವೇ ಹೇಳಿಕೊಟ್ಟಿದ್ದೀರಿ. ಪರಮೇಶ್ ಅವರ ಮೇಲಿನ ನನ್ನ ದೂರು ಮೂರು ಪುಟ ಇದೆ. ಇದರ ಹಿಂದೆಯೇ ಪಿನ್ ಮಾಡಿದ್ದೇನೆ.

ಇಂತಿ,
ಹುಸೇನಮ್ಮ
ಟೈಲರ್, ನಾಲ್ಕನೇ ಲೈನ್